ಕೆಟಲ್ ಇಳಿಜಾರಿಗೆ ಚರಗ ಚೆಲ್ಲಿದ ವಸಂತಾ ಆಂಟಿ

ವಸಂತಾ ಆಂಟಿಗೆ ಸ್ಕೀಯಿಂಗ್ ಬರುವುದಿಲ್ಲ. ಜೀವನದಲ್ಲಿ ಒಂದೇ ಒಂದು ಸಲ ಸ್ಕೀ ಕಟ್ಟಿಕೊಂಡು ನಿಂತರಂತೆ. ನಿಂತಲ್ಲಿಂದಲೇ ಹಿಂದಕ್ಕೆ ಜಾರುತ್ತಾ ಹೋಗಿ ಕಾರ್ ಪಾರ್ಕು ಮುಟ್ಟಿದರಂತೆ. ಇಷ್ಟಾದರೂ ನಮ್ಮ ಸ್ಕೀ ಕ್ಲಬ್ಬಿನಲ್ಲಿ ಈಗ ಅವರಿಗಿರುವ ಮರ್ಯಾದೆ ಯಾವ ಚಾಂಪಿಯನ್ನಿಗೂ ಇಲ್ಲ. ನನಗೆ ಹೊಟ್ಟೆಕಿಚ್ಚಿದೆ, ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದಿಂದ ಅಲ್ಲಿ ಟೈಮಿಂಗ್ ಕಂಪ್ಯೂಟರ್ ನೋಡಿಕೊಳ್ಳುವವನು ನಾನು, ಮೈಸೂರಿನ ವಿನಯ್. ಅರ್ಧ ಜನಕ್ಕೆ ಈಗಲೂ ನನ್ನ ಹೆಸರು ಗೊತ್ತಿಲ್ಲ.

ಆಂಟಿ ನವಲಗುಂದದ ಕಡೆಯವರು. ಗಂಡ ಚಂದ್ರಹಾಸ ಅಂಕಲ್‌ಗೆ ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನಲ್ಲಿ ಹಾಲಿನ ಪುಡಿ ಪರೀಕ್ಷಿಸುವ ಲ್ಯಾಬಿನ ಕೆಲಸ. ಆರು ವರ್ಷದ ಹಿಂದೆ ಅವರ ಆಫೀಸಿನವರ ಜೊತೆ ಹಿಮ ನೋಡಲು ಬಂದ ಆಂಟಿ, ಕ್ಲಬ್ ಮನೆಯಲ್ಲಿ ಯಾರೋ ಡಬ್ಬಿಯ ಸೂಪು ಬಿಸಿ ಮಾಡುತ್ತಿದ್ದುದನ್ನು ನೋಡಿ ತಡೆಯಲಾರದೆ ಅಡುಗೆಮನೆಗೆ ನುಗ್ಗಿದರು. ಅಂದಿನಿಂದ ಚಳಿಗಾಲದ ಶನಿವಾರಗಳೆಲ್ಲ ಅಲ್ಲಿ ಉಪ್ಪಿಟ್ಟು, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಕಿವಿಗಳು, ಅಂದರೆ ನ್ಯೂಜಿಲೆಂಡಿನ ಜನ, ಆ ಚಟ್ನಿಯನ್ನು ಬ್ರೆಡ್ಡಿಗೆ ಬಳಿದುಕೊಂಡು ಕಣ್ಣೀರು ಸುರಿಸುತ್ತಾ ತಿನ್ನುತ್ತಾರೆ, ಮತ್ತೆ ಕೇಳುತ್ತಾರೆ. ಆದರೆ ಅಡುಗೆಮನೆಯ ಕಿಟಕಿ ಇರುವುದು ಕಾರ್ ಪಾರ್ಕಿನ ಕಡೆಗೆ. ಕ್ಲಬ್ಬಿನ ವಾರ್ಷಿಕ ಸ್ಕೀ ಓಟದ ದಿನವೇ ಎಂಬತ್ತು ಜನರ ಊಟ. ಹಾಗಾಗಿ ಆಂಟಿ ಒಂದೇ ಒಂದು ಓಟವನ್ನೂ ಕಣ್ಣಾರೆ ನೋಡಿರಲಿಲ್ಲ.

ಓಟ ನಡೆಯುವ ಇಳಿಜಾರಿನ ಹೆಸರು ಕೆಟಲ್. ಬೆಳಗಿನ ಹೊತ್ತು ಅದರ ಮೂತಿಯಿಂದ ಮಂಜು ಹಬೆಯಾಡುತ್ತದೆ, ಅದಕ್ಕೆ ಆ ಹೆಸರು. ಮೊದಲ ಓಟ ನಡೆದದ್ದು ೧೯೬೪ರಲ್ಲಿ. ಆಗ ಲಿಫ್ಟ್ ಇರಲಿಲ್ಲ, ಸ್ಪರ್ಧಿಗಳು ಸ್ಕೀ ಹೊತ್ತುಕೊಂಡು ಬೆಟ್ಟ ಹತ್ತಿ, ಏದುಸಿರು ಬಿಡುತ್ತಲೇ ಕೆಳಗೆ ಧುಮುಕುತ್ತಿದ್ದರು. ಹರಿದ ಅಂಗಿಯ ಚೂರು ಕಟ್ಟಿದ ಬಿದಿರುಕೋಲುಗಳೇ ಸ್ಪರ್ಧಿಗಳು ನಡುವೆ ನುಸುಳಿ ಇಳಿಯಬೇಕಾದ ಗೇಟುಗಳು. ೧೯೭೮ರಲ್ಲಿ ಗೆದ್ದವನು ಒಂಟಿ ಸ್ಕೀಯಲ್ಲಿ ಬಂದು ಗೆದ್ದ, ಇನ್ನೊಂದು ಸ್ಕೀ ಮರುದಿನ ಸಿಕ್ಕಿತು. ೧೯೮೭ರಲ್ಲಿ ಇಬ್ಬರು ಹುಡುಗಿಯರ ಸಮಯ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿ, ಬಹುಮಾನದ ಕಪ್ ಆರಾರು ತಿಂಗಳು ಇಬ್ಬರ ಮನೆಯಲ್ಲೂ ಇತ್ತು. ೧೯೯೩ರ ದಾಖಲೆ ನಲವತ್ತೆಂಟು ಸೆಕೆಂಡು, ಇನ್ನೂ ಯಾರೂ ಮುರಿದಿಲ್ಲ. ಎಲ್ಲರ ಹೆಸರೂ ಊಟದ ಮನೆಯ ಮರದ ಹಲಗೆಯ ಮೇಲಿದೆ. ಕಳೆದ ಎರಡು ವರ್ಷದ ಜಾಗ ಮಾತ್ರ ಖಾಲಿ, ಹಿಮವೇ ಸಾಲದೆ ಓಟ ರದ್ದಾಗಿತ್ತು. ಸತತ ಮೂರನೆಯ ವರ್ಷವೂ ರದ್ದಾದರೆ ಆ ಕಪ್ ಬೇರೆ ಬೆಟ್ಟದ ಕ್ಲಬ್ಬಿನ ಪಾಲು ಎಂಬುದು ಹಳೆಯ ನಿಯಮ.

ಈ ಸೆಪ್ಟೆಂಬರಿನ ಆ ಶನಿವಾರ ಬೆಳಗ್ಗೆ ಏಳಕ್ಕೇ ಬೆಚ್ಚನೆಯ ಗಾಳಿ ಬೀಸತೊಡಗಿತು. ಹಿಮ ನೆನೆಸಿಟ್ಟ ಅವಲಕ್ಕಿಯ ಹಾಗಾಗಿತ್ತು. ಹತ್ತು ಗಂಟೆಗೆ ರೆಫ್ರಿ ಬಂದು ಪರೀಕ್ಷಿಸುತ್ತಾಳೆ, ಸ್ಕೀ ಹೂತುಕೊಂಡರೆ ಓಟವಿಲ್ಲ. ಇಂಥ ಹೊತ್ತಿನಲ್ಲಿ ಮಾಡುವ ಉಪಾಯ ಒಂದೇ, ಇಳಿಜಾರಿಗೆ ಹರಳುಪ್ಪು ಎರಚುವುದು. ಉಪ್ಪು ಮೇಲ್ಪದರವನ್ನು ಕರಗಿಸುತ್ತದೆ, ಆ ನೀರು ಕೆಳಗಿನ ಥಂಡಿಗೆ ಮತ್ತೆ ಹೆಪ್ಪುಗಟ್ಟಿ ಗಾರೆಯಂತಾಗುತ್ತದೆ. ಆದರೆ ಸಮನಾಗಿ ಬೀಳಬೇಕು. ಒಂದೇ ಕಡೆ ಹೆಚ್ಚು ಬಿದ್ದರೆ ಗುಂಡಿ.

ಹಿಂದಿನ ದಿನ ತಾಲೀಮಿನಲ್ಲಿ ನಮ್ಮವರು ಉಪ್ಪು ಎರಚಿ ಮೂರು ಗುಂಡಿ ಮಾಡಿದ್ದನ್ನು, ಓಟದ ಅಡುಗೆಗೆಂದು ಮೊದಲೇ ಬಂದಿದ್ದ ಆಂಟಿ ಬಾಗಿಲಲ್ಲಿ ನಿಂತು ನೋಡಿದ್ದರು.

"ಕೋಳಿಗೆ ಕಾಳು ಹಾಕಿದಂಗ ಒಗೀತಾರಲ್ಲೋ ವಿನಯಾ! ಚೆಲ್ಲೂದು ಬರಬೇಕಲಾ ಕೈಗೆ. ನಾ ಹೋಗ್ತೀನಿ ಮ್ಯಾಲ."

ಕೋರ್ಸಿನ, ಅಂದರೆ ಓಟದ ಹಾದಿಯ, ಉಸ್ತುವಾರಿಯ ಗ್ರೇಮ್ ಎಪ್ಪತ್ತು ದಾಟಿದ ಮನುಷ್ಯ, ಮೀಸೆಯಲ್ಲಿ ಸದಾ ಹಿಮ. ಆಗದು ಎಂದು ಮೂರು ಸಲ ಹೇಳಿದ. ಓಟದ ಬೆಳಗ್ಗೆ ಉಪ್ಪೆರಚುವವರಲ್ಲಿ ನಾಲ್ವರು ಜ್ವರ ಎಂದು ಫೋನ್ ಮಾಡಿದ ಮೇಲೆ ಒಪ್ಪಿದ. ಆಂಟಿ ಜಾರದ ಹಾಗೆ ಬೂಟಿಗೆ ಉಕ್ಕಿನ ಮುಳ್ಳು ಬಿಗಿದುಕೊಂಡು, ಜಾಕೆಟ್ ಮೇಲೆ ದುಪಟ್ಟಾ ಸುತ್ತಿಕೊಂಡು ಲಿಫ್ಟಿನಲ್ಲಿ ಮೇಲೆ ಹೋದರು.

ನಾನು ಕೆಳಗೆ ಫಿನಿಶ್ ಗೆರೆಯ ಪಕ್ಕದ ಡಬ್ಬದಂಥ ಕೋಣೆಯಲ್ಲಿದ್ದೆ, ರೇಡಿಯೋ ಕಿವಿಗೆ ಹಚ್ಚಿಕೊಂಡು. ಮೇಲೆ ಉಪ್ಪು ತುಂಬಿದ ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸುವುದು ರೂಢಿ. ಗ್ರೇಮ್ ಮೊದಲ ಬಕೆಟ್ಟನ್ನು ಆಂಟಿಯ ಕಡೆ ಚಾಚಿದ.

"ಏ ಗ್ರೇಮ್, ನೋ ನೋ! ಉಪ್ಪು ಕೈಯಾಗ ಕೊಡಬಾರದು, ಫೈಟ್ ಆಗ್ತದ, ಫೈಟ್! ಪುಟ್ ಡೌನ್!"

ಪಾಪ, ಗ್ರೇಮ್ ಕೆಳಗಿಟ್ಟ. ಇಟ್ಟದ್ದು ಸರಿಯಾಗಿ ಸ್ಟಾರ್ಟ್ ಗೇಟಿನಲ್ಲಿ, ಏನಾದರೂ ತಗುಲಿದೊಡನೆ ಗಡಿಯಾರ ಶುರು ಮಾಡುವ ಕಡ್ಡಿಯ ಹಿಂದೆಯೇ.

ನನ್ನ ಪರದೆಯ ಮೇಲೆ ಗಡಿಯಾರ ಓಡತೊಡಗಿತು. ಯಾರೋ ಹೇಳದೆ ಕೇಳದೆ ಇಳಿದುಬಿಟ್ಟಿದ್ದಾರೆ ಎಂದು ಹೊರಗೆ ಓಡಿಬಂದೆ. ಮೇಲಿನಿಂದ ಒಂದು ನೀಲಿ ಬಕೆಟ್ಟು ನೆಟ್ಟಗೆ ನಿಂತುಕೊಂಡೇ, ರಾಜಗಾಂಭೀರ್ಯದಿಂದ, ಬಾಣದಂತೆ ಬರುತ್ತಿತ್ತು. ಫಿನಿಶ್ ಗೆರೆ ದಾಟಿ ನನ್ನ ಬಾಗಿಲಿಗೆ ಬಡಿದು ಮಗುಚಿಕೊಂಡಿತು. ಪರದೆಯಲ್ಲಿ ಮೂವತ್ತೊಂದು ಸೆಕೆಂಡು ನಲವತ್ತಾರು.

"ಗ್ರೇಮ್, ಕೋರ್ಸ್ ರೆಕಾರ್ಡ್ ಮುರೀತು!" ಎಂದು ರೇಡಿಯೋದಲ್ಲಿ ಕಿರುಚಿದೆ.

ಅವನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾಗುವುದಿಲ್ಲ. ಹಿಂದೆಯೇ ಆಂಟಿಯ ದನಿ. "ನೋಡ್ದ್ಯಾ? ಸೀದಾ ಇಡಾಕೂ ಬರೂದಿಲ್ಲ ಇವಂಗ!" ಅಡುಗೆಮನೆಗೆ ವಾಪಸ್ ಹೋಗಿ ಎಂದು ಗ್ರೇಮ್ ಹೇಳಿದ, ಆಂಟಿ ಆಗಲ್ಲ ಎಂದರು. ಉಪ್ಪು ಕೈ ಬದಲಾಗದೆಯೂ ಜಗಳವಂತೂ ಜೋರಾಗಿಯೇ ಆಯಿತು. ಅಷ್ಟರಲ್ಲಿ ಗಂಟೆ ಎಂಟೂವರೆ.

ಕೊನೆಗೆ ಆಂಟಿ ಮಾತು ಬಿಟ್ಟು ಕೆಲಸಕ್ಕಿಳಿದರು. ಜಾರಿಹೋಗದ ಹಾಗೆ ಉಪ್ಪಿನ ಚೀಲವನ್ನು ಹಿಮ ಅಗೆದು ಅರ್ಧ ಹೂಳಿಸಿದರು. ದುಪಟ್ಟಾದಲ್ಲಿ ಉಡಿ ಮಾಡಿಕೊಂಡು ತಾವೇ ತುಂಬಿಕೊಂಡರು, ಉಳಿದ ಹತ್ತು ಜನಕ್ಕೂ ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟಿಸಿ ಉಡಿ ಮಾಡಿಸಿದರು. ಇಳಿಜಾರಿಗೆ ಅಡ್ಡಲಾಗಿ ಸಾಲಾಗಿ ನಿಲ್ಲಿಸಿ ಕೂಗಿದರು.

"ಹುಲಿಗ್ಯೋ!"

ಆಂಟಿ ಗ್ರೇಮ್ ಕೈಯ ರೇಡಿಯೋ ಕಸಿದುಕೊಂಡರು.

"ವಿನಯಾ, ಇವಕ್ಕ ಜವಾಬ್ ಕೊಡಾಕ ಹೇಳೋ! ಜವಾಬ್ ಇಲ್ಲದ ನಾ ಚೆಲ್ಲೂದಿಲ್ಲ."

"ಏನಂತ ಹೇಳ್ಬೇಕು ಆಂಟಿ? ನನಗೇ ಗೊತ್ತಿಲ್ವಲ್ಲ!"

"ಮೈಸೂರವ್ರು ನೀವು, ನಿಮಗೆಲ್ಲಿ ಗೊತ್ತಿರ್ತದ! ಚಲಾಂಬ್ರಿಗ್ಯೋ ಅನ್ನಬೇಕು."

ಎಳ್ಳಮಾವಾಸ್ಯೆಯ ದಿನ ಅವರ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಎಡೆಯ ಅಡುಗೆಯನ್ನು ಬೆಳೆಯ ಮೇಲೆಲ್ಲ ಚೆಲ್ಲುತ್ತಾರಂತೆ. ಅದು ಚರಗ. ಮುಂದೆ ಒಬ್ಬರು ಕೂಗು ಹಾಕಬೇಕು, ಉಳಿದವರು ಉತ್ತರ ಕೊಟ್ಟು ಚೆಲ್ಲಬೇಕು. ಊರಿಗೊಂದು ಥರ ಕೂಗುತ್ತಾರಂತೆ. ಹೊಲದ ಯಾವ ಮೂಲೆಯೂ ಬಿಟ್ಟುಹೋಗಬಾರದು. ಆಂಟಿಯ ಕೈ ಪಳಗಿದ್ದು ಅಲ್ಲಿ. ನಾನು ಇದನ್ನು ರೇಡಿಯೋದಲ್ಲಿ ಹತ್ತು ಜನ ಕಿವಿಗಳಿಗೆ ಪಾಠ ಹೇಳಿಕೊಟ್ಟೆ, ಎಂಜಿನಿಯರಿಂಗ್ ಓದಿದ್ದೂ ಸಾರ್ಥಕವಾಯಿತು.

"ಹುಲಿಗ್ಯೋ!"

"ಚಲಾಂಬ್ರಿಗ್ಯೋ!"

ಒಂದು ಕೂಗು, ಒಂದು ಹೆಜ್ಜೆ, ಒಂದು ಹಿಡಿ. ಹನ್ನೊಂದು ಕೈಗಳು ಒಟ್ಟಿಗೆ ಬೀಸಿದವು, ಉಪ್ಪು ಬಿಸಿಲಿನಲ್ಲಿ ಮಿರಮಿರನೆ ಹರಡಿತು. ಕಾರ್ ಪಾರ್ಕಿನಲ್ಲಿ ಕಾಯುತ್ತಿದ್ದ ಸ್ಪರ್ಧಿಗಳೂ ಉತ್ತರ ಕೊಡತೊಡಗಿದರು, ಅವರ ಅಪ್ಪ ಅಮ್ಮಂದಿರೂ ದನಿಗೂಡಿಸಿದರು. ನಾನಂತೂ ಕೋಣೆಯ ಹೊರಗೆ ಮಗುಚಿದ ಬಕೆಟ್ಟಿನ ಮೇಲೆ ಹತ್ತಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನನ್ನ ಹೆಂಡತಿ ಓದಬಾರದು.

ಹತ್ತು ಗಂಟೆಗೆ ರೆಫ್ರಿ ಇಳಿದು ಬಂದಳು. ಸ್ಕೀ ಅಂಚು ಹಿಮವನ್ನು ಕೊರೆಯುವ ಕರಕರ ಸದ್ದು ನನ್ನ ಕೋಣೆಯವರೆಗೂ ಕೇಳಿಸಿತು. ಅವಳು ಹೆಬ್ಬೆರಳು ಎತ್ತಿದಳು. ಓಟ ನಡೆಯಿತು. ಮೂವತ್ತೆಂಟು ಜನ ಇಳಿದರು, ಒಂದೂ ಗುಂಡಿ ಬೀಳಲಿಲ್ಲ. ಆಂಟಿ ನನ್ನ ಪಕ್ಕ ನಿಂತು ಕೊನೆಯವರೆಗೂ ನೋಡಿದರು, ಗೆದ್ದವರಿಗೂ ಬಿದ್ದವರಿಗೂ ಒಂದೇ ಸಮ ಚಪ್ಪಾಳೆ ಹೊಡೆದರು.

"ಇಷ್ಟ್ ಚಂದ ಇರ್ತದ ಅಂತ ಯಾರೂ ಹೇಳಿರಲಿಲ್ಲಲ್ಲೋ," ಎಂದು ದುಪಟ್ಟಾದಿಂದ ಕಣ್ಣು ಒರೆಸಿಕೊಂಡರು. ಅದು ಉಪ್ಪು ಮೆತ್ತಿದ ದುಪಟ್ಟಾ, ಕಣ್ಣು ಉರಿದು ಇನ್ನಷ್ಟು ನೀರು ಬಂತು.

ಸಂಜೆ ಹಲಗೆಯ ಮೇಲೆ ಗೆದ್ದವಳ ಹೆಸರು ಬರೆದಾಯಿತು. ಕೆಳಗೆ ಯಾರೋ ಪೆನ್ಸಿಲ್ಲಿನಲ್ಲಿ 'ಬಕೆಟ್, ೩೧.೪೬, ಎಲ್ಲ ಗೇಟೂ ತಪ್ಪಿಸಿದ್ದಕ್ಕೆ ಅನರ್ಹ' ಎಂದು ಗೀಚಿದರು. ಅವತ್ತು ಅಡುಗೆ ಮಾಡಿದವರು ಚಂದ್ರಹಾಸ ಅಂಕಲ್, ಹಾಗಾಗಿ ಬರೀ ಬೇಯಿಸಿದ ಆಲೂಗಡ್ಡೆ. ಆಂಟಿ ಒಂದು ತುತ್ತು ತಿಂದು ಮುಖ ಸಿಂಡರಿಸಿ ಉಪ್ಪು ಕೇಳಿದರು.

ಉಪ್ಪಿನ ಡಬ್ಬಿ ಇದ್ದದ್ದು ಗ್ರೇಮ್ ಹತ್ತಿರ. ಬೆಳಗಿನಿಂದ ಇಬ್ಬರೂ ಮಾತಾಡಿರಲಿಲ್ಲ. ಅವನು ಎದ್ದು ಬಂದು ಡಬ್ಬಿಯನ್ನು ಆಂಟಿಯ ಕೈಗೆ ಕೊಡದೆ ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಮೇಜು ಸಮತಟ್ಟಾಗಿಯೇ ಇತ್ತು. ಆದರೂ ಅದು ಜಾರಿಹೋಗದಂತೆ ಎರಡೂ ಕೈ ಅಡ್ಡ ಹಿಡಿದು, ಆಂಟಿ ಎತ್ತಿಕೊಳ್ಳುವವರೆಗೂ ಹಾಗೇ ನಿಂತಿದ್ದ.