ಅಕ್ಕನ ಕಥೆಗೆ ನಾನು ನಕ್ಕ ದಿನ

ನಾನು ಚಿಕ್ಕವನಿದ್ದಾಗ, ತುಂಬಿದ ಸಭೆಯಲ್ಲಿ ಎದ್ದು ನಿಂತು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಆ ಸಿಟ್ಟು ನನ್ನ ಮೇಲೆ ನನಗೆ ಇನ್ನೂ ಇದೆ. ಮೊಮ್ಮಕ್ಕಳೇ, ಏಳನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಚಂದ ಮಾಡಿ ಬರೆಯಲು ಬರುವುದಿಲ್ಲ, ನಿಮಗೆ ಬಾಯಲ್ಲಿ ಹೇಳಿದ್ದನ್ನೇ ನಡೆದಂತೆ ಬರೆದಿಡುತ್ತೇನೆ.

ನಮ್ಮದು ಕಮಲಾಪುರ. ಅಪ್ಪ, ಅವ್ವ ಕೆಂಪು ಬಾಳೆಯ ತೋಟಕ್ಕೆ ಕೆಲಸಕ್ಕೆ ಹೋದರೆ ಮನೆಯ ಭಾರವೆಲ್ಲ ಅಕ್ಕನ ಮೇಲೆ. ನನಗಿಂತ ನಾಲ್ಕೇ ವರ್ಷ ದೊಡ್ಡವಳು. ಅವಳನ್ನು ಶಾಲೆಗೆ ಕಳಿಸಲಿಲ್ಲ. ಓದಿನಲ್ಲಿ ಮನಸ್ಸೇ ಇಲ್ಲದ ನನ್ನನ್ನು ಕಳಿಸಿದರು. ಇದೆಂಥ ನ್ಯಾಯ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಒಲೆಯ ಈಚೆ ನಾನು ಪುಸ್ತಕವನ್ನು ನೆಲದ ಮೇಲೆ ಹರಡಿ, ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದೆ. ಆಚೆ ಅಕ್ಕ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕೈಯೆಲ್ಲ ಹಿಟ್ಟು, ಕಣ್ಣು ಮಾತ್ರ ನನ್ನ ಬೆರಳಿನ ಮೇಲೆ. ಹಾಗೆ ನೋಡಿ ನೋಡಿಯೇ ಅವಳು ಓದು ಕಲಿತಳು, ತಲೆಕೆಳಗಾಗಿ! ಎದುರು ಕೂತವಳಿಗೆ ಅಕ್ಷರಗಳು ಕಂಡದ್ದೇ ಹಾಗೆ. ನಾನು ತಡವರಿಸಿದರೆ ಮುಂದಿನ ಸಾಲನ್ನು ಅವಳೇ ಹೇಳುತ್ತಿದ್ದಳು. ಒಂದು ದಿನ ಹೊಟ್ಟೆಕಿಚ್ಚಿಗೆ ಪುಸ್ತಕವನ್ನು ಅವಳ ಕಡೆ ನೇರವಾಗಿ ತಿರುಗಿಸಿ, "ಭಾಳ ಶಾಣ್ಯಾಕಿ ಇದ್ದಿಯಲ್ಲ, ಈಗ ಓದು ನೋಡಮು" ಅಂದೆ. ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಹೆಂಚಿನ ಮೇಲೆ ರೊಟ್ಟಿ ಸೀದು ಹೊಗೆಯಾಯಿತು.

ಬರೆಯುವುದನ್ನು ಆಮೇಲೆ ಹೇಗೋ ಕಲಿತು, ನನ್ನ ಹಳೆಯ ವಹಿಯಲ್ಲಿ ಒಂದು ಕಥೆ ಬರೆದಳು. ಪುಸ್ತಕವನ್ನು ತಲೆಕೆಳಗೆ ಇಟ್ಟುಕೊಂಡು ಓದುವ ಒಬ್ಬ ಹುಡುಗಿ. ಒಂದು ದಿನ ಗಾಳಿ ಬೀಸಿ ಪುಸ್ತಕ ನೇರವಾಗುತ್ತದೆ. ಅವಳಿಗೆ ಓದಲು ಬರದಂತಾಗುತ್ತದೆ. ಅಷ್ಟೇ ಕಥೆ. ವಹಿಯಲ್ಲಿ ಅದನ್ನು ಕಂಡ ನಮ್ಮ ಶಾಲೆಯ ಮಾಸ್ತರರು ನಕಲು ಮಾಡಿ ಕಲಬುರಗಿಯ ಒಂದು ಸ್ಪರ್ಧೆಗೆ ಕಳಿಸಿದರು. ಬಹುಮಾನ ಬಂತು.

ಬಹುಮಾನ ಕೊಡುವ ಸಭೆಗೆ ಅಪ್ಪ ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದ. ಸಭಾಂಗಣದ ತುಂಬ ಫಿನಾಯಿಲ್ ವಾಸನೆ, ಇಸ್ತ್ರಿ ಬಟ್ಟೆಯ ಮಕ್ಕಳು. ವೇದಿಕೆಯ ಮೇಲಿದ್ದ ದೊಡ್ಡವರೊಬ್ಬರು ಕಥೆ ಓದಿ ಮುಗಿಸಿ, "ಪುಸ್ತಕ ತೆಳಗ ಮ್ಯಾಗ ಹಿಡದು ಯಾರರ ಓದತಾರೇನ್ರೀ? ಹುಡುಗಿ ಭಾರಿ ಚಾಷ್ಟಿ ಮಾಡ್ಯಾಳ!" ಎಂದರು. ಸಭೆ ಗೊಳ್ಳೆಂದಿತು.

ಬರೆದವಳು ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದಳು! 'ಇದು ನಿನಗೆ ಹೇಗೆ ಹೊಳೆಯಿತಮ್ಮ' ಎಂದು ಒಂದು ಮಾತು ಕೇಳಲು ಅವರಿಗೇನಾಗಿತ್ತು? ಹೋಗಲಿ, ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಇದು ಚೇಷ್ಟೆಯಲ್ಲ, ನಮ್ಮ ಮನೆಯಲ್ಲಿ ನಡೆದದ್ದು ಎಂದು ನಾನು ಹೇಳಬೇಕಿತ್ತು. ಹೇಳಿದರೆ ನನ್ನ ಕುಚೇಷ್ಟೆಯೂ ಹೊರಬೀಳುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕುಬಿಟ್ಟೆ.

ಬಸ್ಸಿನಲ್ಲಿ ಅಪ್ಪ ಹಿಗ್ಗಿ, "ಎಷ್ಟ್ ಮಂದಿ ನಕ್ಕರು ನೋಡವಾ! ಇಂಥಾದ್ದೇ ಇನ್ನೊಂದು ಬರಿ" ಎಂದ.

"ಬರೆಯಂಗಿಲ್ಲಪ್ಪಾ," ಎಂದಳು ಅಕ್ಕ. ನನ್ನ ಕಡೆ ತಿರುಗಿ, "ನೀನರ ನಗಬಾರದಾಗಿತ್ತೋ" ಎಂದಳು. ಮತ್ತೆಂದೂ ಬರೆಯಲಿಲ್ಲ.

ನಿಮ್ಮ ಪುಸ್ತಕಗಳಲ್ಲಿ ಪ್ರತಿ ಪಾಠಕ್ಕೂ ಬರೆದವರ ಚಿತ್ರವಿದೆ. ಎಲ್ಲಿ ಹುಟ್ಟಿದರು, ಹೇಗೆ ಬದುಕಿದರು ಎಂದು ನಾಲ್ಕು ಸಾಲು ಇವೆ. ನೀವು ಅದನ್ನು ಹಾರಿಸಿ ಓದುತ್ತೀರಿ. ಕೇಳಿದರೆ, "ಪರೀಕ್ಷಾಕ್ಕ ಬರಂಗಿಲ್ಲಜ್ಜಾ" ಅನ್ನುತ್ತೀರಿ. ನನಗೆ ಮೈ ಉರಿಯುತ್ತದೆ. ದಸರೆಯ ರಜೆಯಲ್ಲಿ ನನ್ನ ಟ್ರಂಕಿನಿಂದ ಅಕ್ಕನ ವಹಿ ತೆಗೆದು ಓದಿ ನೀವೂ ನಕ್ಕಿರಿ. ಆಗ ಇದನ್ನೆಲ್ಲ ಹೇಳಿದೆ. ಮತ್ತೆ ಓದಿದಿರಿ. ಈ ಸಲ ಯಾರೂ ನಗಲಿಲ್ಲ. ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು ಮಾತ್ರ, "ಆ ಗಾಳಿ ಅಂದ್ರ ನೀನೇ ಏನಜ್ಜಾ?" ಎಂದಳು. ನನ್ನ ಹೆಸರು ಬರಬಾರದೆಂದು ಅಕ್ಕ ನನ್ನ ತಪ್ಪನ್ನು ಗಾಳಿಯ ಮೇಲೆ ಹಾಕಿದ್ದಳು. ಅಷ್ಟು ವರ್ಷ ಅದು ನನಗೇ ಹೊಳೆದಿರಲಿಲ್ಲ.

ಮರುದಿನ ನಿಮ್ಮನ್ನೆಲ್ಲ ಕರೆದುಕೊಂಡು ಕಲಬುರಗಿಯ ಖೂಬಾ ಪ್ಲಾಟಿನಲ್ಲಿರುವ ಅಕ್ಕನ ಮನೆಗೆ ಹೋದೆ. ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನಿಮ್ಮೆಲ್ಲರ ಎದುರಿಗೇ ಹೇಳಿದೆ:

"ಅಕ್ಕಾ, ಅವತ್ತ ನಾ ಎದ್ದು ಹೇಳಬೇಕಾಗಿತ್ತು, ಹೇಳಲಿಲ್ಲ. ನೀ ನನ್ನ ತಪ್ಪು ಮುಚ್ಚಿದಿ, ನಾ ನಿನ್ನ ನೋಡಿ ನಕ್ಕೆ. ತಪ್ಪಾತವಾ. ಮಾಫ್ ಮಾಡು."