ಕೊಸರಿಗೆ ಬಂದ ಕೋಳಿ

ಉಪ್ಪಿನಬೆಟಗೇರಿಯಲ್ಲಿ ಯಮನಪ್ಪನನ್ನು ಕೇಳದೆ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ. ಸುಳಿ, ಕೋಡು, ನಡಿಗೆ ನೋಡಿ ಅವನು ತಲೆಯಾಡಿಸಿದರೆ ಮುಗಿಯಿತು. ಹೆಂಡತಿ ಸತ್ಯವ್ವನಿಗೂ ಗಂಡನ ಕಣ್ಣಿನ ಬಗ್ಗೆ ಹೆಮ್ಮೆಯೇ. ಆದರೆ ಎತ್ತು ನೋಡುವ ಕಣ್ಣಿನಿಂದಲೇ ಅವನು ಜಗತ್ತನ್ನೆಲ್ಲ ನೋಡುತ್ತಿದ್ದನಲ್ಲ, ಅದೇ ತಾಪತ್ರಯ.

ಮೂವತ್ತಾರನೇ ಇಸವಿಯಲ್ಲಿ ಮಗಳು ನೀಲವ್ವ ಹೆರಿಗೆಗೆ ಬಂದವಳು, ಹೆತ್ತ ಮೇಲೆ ಎದ್ದು ಕೂಡಲಾರದಷ್ಟು ನಿತ್ರಾಣಳಾದಳು. ದಿನಾ ಒಂದು ತತ್ತಿ ಕೊಡಿರೆಂದು ಧಾರವಾಡದ ಡಾಕ್ಟರು ಹೇಳಿದರು. ಎಲ್ಲಿಂದ ತರುವುದು? ರೋಗ ಬಂದು ಊರ ಕೋಳಿಗಳೆಲ್ಲ ಸತ್ತು ಹೋಗಿದ್ದವು.

"ತತ್ತಿ ಇಡೂ ಕೋಳಿ ತರ್ರಿ. ನೋಡಾಕ ಹೆಂಗಿದ್ರೂ ನಡೀತೈತಿ" ಎಂದಳು ಸತ್ಯವ್ವ.

"ನನಗ ಕಲಸಾಕ ಬಂದ್ಯಾ?" ಎಂದು ಯಮನಪ್ಪ ಚಕ್ಕಡಿ ಹೂಡಿದ.

ಹುಬ್ಬಳ್ಳಿ ಸಂತೆಯಲ್ಲಿ ಕೋಳಿ ಮಾರುವ ಕಾಸಿಮಸಾಬನ ಮುಂದೆ ಅವನು ಕೂತು ನೋಡಿದ, ನಿಂತು ನೋಡಿದ, ಕೋಳಿಗಳನ್ನು ನಡೆಸಿ ನೋಡಿದ. ಒಂದರ ಬಾಯಿ ತೆರೆದು ಹಲ್ಲೂ ಹುಡುಕಿದನಂತೆ. ಈ ಮಾತನ್ನು ಸತ್ಯವ್ವ ನಂಬಲಿಲ್ಲ. ಪೂರಾ ಸುಳ್ಳೆಂದೂ ಅವಳಿಗೆ ಅನಿಸಲಿಲ್ಲ. ಕೊನೆಗೆ ಆರಿಸಿದ್ದು ಅಸೀಲ್ ಜಾತಿಯ ಹೇಂಟೆ: ಎತ್ತರದ ಕಾಲು, ಉಬ್ಬಿದ ಎದೆ, ಮಿರಿಮಿರಿ ಮಿಂಚುವ ಪುಕ್ಕ. ಅಸೀಲ್ ಕಾಳಗಕ್ಕೆ ಹೆಸರಾದ ಜಾತಿ, ತತ್ತಿಗಲ್ಲ. ಇನ್ನು ಕೊಸರಿಲ್ಲದೆ ಯಮನಪ್ಪ ಏನನ್ನೂ ಕೊಂಡವನಲ್ಲ. ಚೌಕಾಶಿಗೆ ಬೇಸತ್ತ ಕಾಸಿಮಸಾಬ, ಪುಕ್ಕ ಉದುರಿ ಕಾಲು ಬಿಳಿಚಿಕೊಂಡ ಜವಾರಿ ಹೇಂಟೆಯೊಂದನ್ನು ಮೇಲೆ ಕೊಟ್ಟ.

"ಇದನ್ನೂ ಒಯ್ರಿ ಯಜಮಾನ್ರ, ನನ್ನ ಬಿಡ್ರಿ."

ಅಸೀಲ್ ಕೋಳಿಗೆ ಯಮನಪ್ಪ ರಾಣಿ ಎಂದು ಹೆಸರಿಟ್ಟ. ಕೊಸರಿನದಕ್ಕೆ ಹೆಸರಿಡುವ ಗೋಜಿಗೇ ಹೋಗಲಿಲ್ಲ. ಮರುದಿನವೇ ಬುಟ್ಟಿಯಲ್ಲಿ ತತ್ತಿ! ಅದರ ಮರುದಿನ ಮತ್ತೊಂದು.

"ನಡಿಗಿ ನೋಡಿದ ಕೂಡಲೇ ನನಗ ತಿಳೀತು" ಎಂದು ಅವನು ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಸಾರಿದ.

ತತ್ತಿ ಇಡುವುದು ಕೊಸರಿನದೆಂದು ಸತ್ಯವ್ವ ಕಣ್ಣಾರೆ ಕಂಡಿದ್ದಳು. ದಿನಾ ತತ್ತಿಯಿಡುವ ಜೀವಕ್ಕೆ ಸಿಂಗಾರ ಮಾಡಿಕೊಳ್ಳಲು ಪುರಸೊತ್ತೆಲ್ಲಿ? ರಾಣಿ ಮಾತ್ರ ಹೊಟ್ಟೆ ತುಂಬ ಕಾಳು ತಿಂದು, ಪಕ್ಕದ ಮನೆಯ ಫಕೀರಪ್ಪನ ನಾಯಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ನಿಜ ಹೇಳಿದರೆ ಗಂಡನ ಮುಖ ಸಣ್ಣದಾಗುತ್ತದೆ. ತತ್ತಿ ಬರುತ್ತಿದೆಯಲ್ಲ, ಸಾಕು ಎಂದು ಸುಮ್ಮನಿದ್ದಳು. ನೀಲವ್ವನ ಕೆನ್ನೆಗೆ ಬಣ್ಣ ಮರಳುತ್ತಿತ್ತು.

ಅಳಿಯ ಕೂಸು ನೋಡಲು ಬಂದ ದಿನ ಯಮನಪ್ಪ ಸಾರಿಗೆಂದು ಕೊಸರಿನ ಕೋಳಿಯನ್ನೇ ಹಿಡಿದ. ಸತ್ಯವ್ವ ಒಳಗಿಂದ ಓಡಿ ಬಂದಳು.

"ಅದನ್ನ ಕೊಯ್ಬ್ಯಾಡ್ರಿ!"

"ಯಾಕ? ಕೂಳಿಗೆ ದಂಡ, ಭೂಮಿಗೆ ಭಾರ."

ಪಡಸಾಲೆಯಲ್ಲಿ ಅಳಿಯ ಕೂತಿದ್ದ. ಬೇಲಿಯಾಚೆ ಫಕೀರಪ್ಪ ಕಿವಿ ನಿಮಿರಿಸಿ ನಿಂತಿದ್ದ. ಅವರೆದುರು ಗಂಡನ ಮಾನ ಕಳೆಯಬೇಕು, ಇಲ್ಲವೇ ಮಗಳ ತತ್ತಿ ಕಳೆದುಕೊಳ್ಳಬೇಕು. ಸತ್ಯವ್ವನಿಗೆ ಸಿಟ್ಟೂ ಬಂತು, ಅಳುವೂ ಬಂತು.

"ತತ್ತಿ ಇಡೂದು ಅದೇ ರೀ! ನಿಮ್ಮ ರಾಣಿ ಇವತ್ತಿನವರೆಗೂ ಒಂದೂ ಇಟ್ಟಿಲ್ಲ!"

ಫಕೀರಪ್ಪ ಕಿಸಕ್ಕೆಂದ. ಯಮನಪ್ಪ ಕೋಳಿಯನ್ನು ಅವುಚಿಕೊಂಡು ಕಂಬದಂತೆ ನಿಂತ. ಅದು ಕೋಳಿ ದಿನಾ ತತ್ತಿಯಿಡುವ ಹೊತ್ತು. ಬುಟ್ಟಿಯಾದರೇನು, ಯಜಮಾನನ ಕೈಯಾದರೇನು? ಅವನ ಅಂಗೈಗೇ ಇಟ್ಟುಬಿಟ್ಟಿತು. ಅವನು ತತ್ತಿಯನ್ನು ನೋಡಿದ, ದೂರದಲ್ಲಿದ್ದ ರಾಣಿಯನ್ನು ನೋಡಿದ, ಮೀಸೆ ಸವರಿದ.

"ನೋಡಿದ್ಯಾ? ಛಲೋ ಎತ್ತಿನ ಜೋಡಿ ಹೂಡಿದ್ರ ಮೈಗಳ್ಳ ಎತ್ತೂ ಎಳೀತೈತಿ. ರಾಣಿ ಸವಾಸದಾಗ ಇದೂ ಕಲ್ತೈತಿ!"

ನಗುತ್ತಿದ್ದ ಫಕೀರಪ್ಪ ಗಂಭೀರನಾದ. "ಖರೇ ಐತಿ ಯಮನಪ್ಪಣ್ಣ. ಮುಂದಿನ ಸಂತ್ಯಾಗ ನನಗೂ ಅಂಥಾದೊಂದು ರಾಣಿ ಆರಿಸಿ ಕೊಡು."

ಸತ್ಯವ್ವ ತತ್ತಿ ಕಸಿದುಕೊಂಡು ಒಳಗೋಡಿದಳು. ಬಾಯಿಗೆ ಸೆರಗು ತುರುಕಿಕೊಂಡರೂ ನಗು ನಿಲ್ಲಲಿಲ್ಲ.

"ಯಾಕ ನಗಾಕತ್ತೀ ಯವ್ವಾ?" ಎಂದಳು ನೀಲವ್ವ.

"ನಿಮ್ಮಪ್ಪ ಕೋಳಿಗೊಳಿಗೆ ಸಾಲಿ ತಗದಾನವಾ. ನೀ ತತ್ತಿ ತಿನ್ನು."