ಅಜ್ಜಿ ಅಗಿದ ಮುದ್ದೆ

ಆಗೆಲ್ಲ ಅವರೆಕಾಯಿ ಕಾಲ ಬಂತೆಂದರೆ ನಮ್ಮ ಯಳಂದೂರಿನ ಮನೆಯಲ್ಲಿ ನನಗೆ ಖುಷಿ, ಅಮ್ಮನಿಗೆ ಭಯ. ಹೂಗ್ಯಂನ ಅಜ್ಜಿ ಮನೆಗೆ ಹೋಗಬೇಕಲ್ಲ, ಅದಕ್ಕೆ. ಅಲ್ಲಿನ ಅವರೆಯ ಸೊಗಡು ನನ್ನ ಲಂಗಕ್ಕೆ ಅಂಟಿಕೊಂಡರೆ ಒಗೆದರೂ ಬಿಡುತ್ತಿರಲಿಲ್ಲ. ನೆನೆಸಿದ ಕಾಳನ್ನು ಎಲ್ಲರೂ ಸುತ್ತ ಕೂತು ಹಿತುಕುವಾಗ ನಾವು ಮಕ್ಕಳು ಬೇಳೆಯನ್ನು ಒಬ್ಬರ ಮುಖಕ್ಕೊಬ್ಬರು ಚಿಮ್ಮಿಸುತ್ತಿದ್ದೆವು. ಅಮ್ಮ ಮಾತ್ರ ನನ್ನ ಬಾಯನ್ನೇ ನೋಡುತ್ತಾ ಕೂತಿರುತ್ತಿದ್ದಳು.

ಹುಟ್ಟಿದಾಗ ನನ್ನ ಅನ್ನನಾಳ ಅರ್ಧಕ್ಕೇ ಮುಚ್ಚಿಕೊಂಡಿತ್ತಂತೆ. ಹಾಲು ಹೊಟ್ಟೆಗಿಳಿಯದೆ ಮೈ ನೀಲಿಯಾಗಿತ್ತಂತೆ. ಹೆಸರಿಡುವ ಮೊದಲೇ ಮೈಸೂರಿನಲ್ಲಿ ಆಪರೇಷನ್ ಮಾಡಿ ಎರಡು ತುದಿಗಳನ್ನು ಸೇರಿಸಿ ಹೊಲಿದರು. ಹೊಲಿದ ಜಾಗ ಆಗಾಗ ಬಿಗಿಯಾಗುತ್ತಿತ್ತು. ಹಾಗಾಗಿ ಪ್ರತಿ ವರ್ಷ ಹೋಗಿ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿಸಬೇಕಿತ್ತು, ಬಿಗಿಯಾಗಿದ್ದರೆ ಹಿಗ್ಗಿಸಬೇಕಿತ್ತು. ಮೈಸೂರಿನ ಮಾತು ಬಂದರೆ ಸಾಕು, ನಾನು ಮಂಚದ ಕೆಳಗೆ ಸೇರಿಬಿಡುತ್ತಿದ್ದೆ.

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಕ್ಕನೆ ನುಂಗಬೇಕು. ನಾನೋ ಏನನ್ನೇ ಆಗಲಿ ಅಗಿದು ಅಗಿದು ನೀರಾಗಿಸಿಯೇ ಇಳಿಸಬೇಕು. ಸೋದರಮಾವನ ಮಗ ಶಿವು ಬೀದಿಗೆಲ್ಲ ಸಾರಿಕೊಂಡು ಬಂದಿದ್ದ: "ಇವ್ಳು ಮುದ್ದೆನೂ ಅಗಿತಾಳೆ ಕಣ್ಲಾ."

ನಾನು ಎರಡನೇ ಕ್ಲಾಸಿನಲ್ಲಿದ್ದ ವರ್ಷ. ಒಂದು ಮಧ್ಯಾಹ್ನ ಅಮ್ಮ ಬಟ್ಟೆ ಒಗೆಯಲು ಹೋಗಿದ್ದಳು, ಅಜ್ಜಿ ಊಟಕ್ಕಿಟ್ಟಳು. ಹಿತುಕಿದ ಬೇಳೆ ಸಾರಿನಲ್ಲಿ ಸಿಪ್ಪೆ ಬಿಡಿಸದ ಒಂದು ಕಾಳು ಉಳಿದುಬಿಟ್ಟಿತ್ತು. ಅದು ಅಗಿಯುವ ಮೊದಲೇ ಜಾರಿ ಎದೆಯ ನಡುವೆ ಹೋಗಿ ನಿಂತಿತು. ಎದೆ ಮುಟ್ಟಿ ಅಜ್ಜಿಗೆ ತೋರಿಸಿದೆ. ಗಂಟಲಲ್ಲಿ ಏನು ಸಿಕ್ಕಿದರೂ ಊರವರೆಲ್ಲ ಮಾಡುವುದನ್ನೇ ಅವಳೂ ಮಾಡಿದಳು. ಒಂದು ತುತ್ತು ಮುದ್ದೆ ಉಂಡೆ ಕಟ್ಟಿ ನನ್ನ ಬಾಯಿಗಿಟ್ಟಳು.

"ನುಂಗ್ಬುಡು ಕಂದಾ. ಇದು ಓಯ್ತಾ ಅದ್ನೂ ತಳ್ಕಂಡು ಓಯ್ತದೆ."

ನುಂಗಿದೆ. ಜೀವನದಲ್ಲಿ ಮೊದಲ ಸಲ ಎಲ್ಲರ ಹಾಗೆ ನುಂಗಿದೆ. ಶಿವು ನೋಡುತ್ತಿದ್ದ, ನನಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು. ಆಮೇಲೆ ಎದೆಯೊಳಗೆ ಬಾಗಿಲು ಹಾಕಿದಂತಾಯಿತು. ಕುಡಿದ ನೀರು ಮೂಗಿನಲ್ಲಿ ವಾಪಸ್ ಬಂತು. ಎಂಜಲು ಕೂಡ ಇಳಿಯದೆ ಬಾಯಿಂದ ಸುರಿಯತೊಡಗಿತು.

ಅಮ್ಮ ಬಂದವಳು ಒದ್ದೆ ಬಟ್ಟೆಯನ್ನು ಅಂಗಳದಲ್ಲೇ ಬಿಟ್ಟಳು. ನನ್ನನ್ನು ಎತ್ತಿಕೊಂಡು ರಸ್ತೆಗೆ ಓಡಿದಳು. ಮಧ್ಯಾಹ್ನದ ಬಸ್ಸು ಹೋಗಿಯಾಗಿತ್ತು. ಪಕ್ಕದ ಮನೆಯವರು ಹನೂರಿಗೆ ಅವರೆಕಾಯಿ ಹೇರಿದ್ದ ಲಗೇಜ್ ಆಟೋದಲ್ಲಿ ನಮ್ಮನ್ನು ಮೂಟೆಗಳ ಮೇಲೆ ಕೂರಿಸಿಕೊಂಡರು. ಅಷ್ಟು ಇಷ್ಟದ ಸೊಗಡಿಗೆ ಅವತ್ತು ಮುಖ ತಿರುಗಿಸಿದೆ. ನಾನು ಸಾಯುತ್ತೇನಾ ಎಂದು ಕೇಳಬೇಕಿತ್ತು, ಬಾಯಿ ತೆರೆದರೆ ಜೊಲ್ಲೇ ಬರುತ್ತಿತ್ತು. ಅಮ್ಮ ಸೆರಗಿನಲ್ಲಿ ಒರೆಸುತ್ತಲೇ ಇದ್ದಳು. ಎದುರಿಗೆ ಅಜ್ಜಿ, ಕೈ ಕೂಡ ತೊಳೆಯದೆ ಹತ್ತಿದವಳು. ಗುಂಡಿ ಬಂದಾಗಲೆಲ್ಲ ಒಂದೇ ಕೇಳುತ್ತಿದ್ದಳು:

"ಉಸ್ರು ಆಡ್ತಾ ಅದಾ?"

ಹನೂರು ದಾಟಿ, ಕೊಳ್ಳೇಗಾಲದಿಂದ ಕಾರು ಮಾಡಿಕೊಂಡು ಮೈಸೂರು ಸೇರುವಷ್ಟರಲ್ಲಿ ಅವಳ ಬೆರಳಿನ ಮುದ್ದೆ ಒಣಗಿ ಬಿರುಕು ಬಿಟ್ಟಿತ್ತು.

ಡಾಕ್ಟರು ಸಿಕ್ಕಿದ್ದನ್ನು ತೆಗೆದು, ಬಿಗಿದ ಜಾಗವನ್ನು ಮತ್ತೆ ಹಿಗ್ಗಿಸಿದರು. ಅಜ್ಜಿಯನ್ನು ಕರೆದು ಕೂರಿಸಿಕೊಂಡು, ಇವಳ ಅನ್ನನಾಳಕ್ಕೆ ಎಲ್ಲರ ಹಾಗೆ ತಳ್ಳುವ ಶಕ್ತಿ ಇಲ್ಲ, ದೊಡ್ಡವಳಾದರೂ ಇದು ಹೀಗೇ ಇರುತ್ತದೆ, ಚೆನ್ನಾಗಿದ್ದಾಳಲ್ಲ ಎಂದುಕೊಂಡು ಪ್ರತಿ ವರ್ಷ ಇಲ್ಲಿಗೆ ತಂದು ತೋರಿಸುವುದನ್ನು ಮಾತ್ರ ನಿಲ್ಲಿಸಬೇಡಿ ಎಂದರು. ಅಜ್ಜಿ ಬೆರಳಿಗಂಟಿದ್ದನ್ನು ಉಗುರಿನಿಂದ ಕೆರೆಯುತ್ತಾ ತಲೆಯಾಡಿಸಿದಳು.

ಮುಂದಿನ ಸಲ ಹೂಗ್ಯಂಗೆ ಹೋದಾಗ ಅಜ್ಜಿ ತನ್ನ ತಟ್ಟೆಯನ್ನು ನನ್ನ ಪಕ್ಕಕ್ಕೆ ತಂದಿಟ್ಟುಕೊಂಡಳು. ಮುದ್ದೆ ಮುರಿದು ಬಾಯಿಗಿಟ್ಟು ಅಗಿಯತೊಡಗಿದಳು. ಇದ್ದದ್ದೇ ನಾಲ್ಕು ಹಲ್ಲು, ಮುದ್ದೆಯೆಲ್ಲ ಒಸಡಿಗೆ ಮೆತ್ತಿಕೊಳ್ಳುತ್ತಿತ್ತು. ಇದೇನವ್ವಾ ಹೊಸ ಅವತಾರ ಎಂದು ಮಾವ ನಕ್ಕರು.

"ನುಂಗಕ್ಕೆ ನಂಗೂ ಭಯ ಆಯ್ತದೆ ಕಣಪ್ಪ," ಅಂದಳು ಅಜ್ಜಿ.

ಶಿವು ಆಮೇಲೆ ನನ್ನನ್ನು ಆಡಿಕೊಳ್ಳಲಿಲ್ಲ. ನಾನು ಉಂಡು ಮುಗಿಸುವವರೆಗೆ ಅಜ್ಜಿ ಏಳುತ್ತಲೂ ಇರಲಿಲ್ಲ.

ಈಗ ನಾನು ದೊಡ್ಡವಳು, ಮೈಸೂರಿನ ಆಸ್ಪತ್ರೆಯ ಮಕ್ಕಳ ವಾರ್ಡಿನವಳಲ್ಲ. ನನ್ನ ಗಂಟಲನ್ನು ಬಲ್ಲ ಆ ಡಾಕ್ಟರೂ ಅಲ್ಲಿಲ್ಲ. ಪ್ರತಿ ವರ್ಷ ಹೊಸಬರ ಮುಂದೆ ಹುಟ್ಟಿದಾಗಿನ ಕತೆಯಿಂದ ಶುರುಮಾಡುತ್ತೇನೆ, ಕ್ಯಾಮೆರಾ ಇಳಿಸಿಕೊಳ್ಳಲು ಒಬ್ಬಳೇ ಹೋಗಿ ಮಲಗುತ್ತೇನೆ. ಭಯ ಕಮ್ಮಿಯಾಗಿಲ್ಲ, ಪಾಲು ತೆಗೆದುಕೊಳ್ಳುವವರು ಕಮ್ಮಿಯಾಗಿದ್ದಾರೆ ಅಷ್ಟೆ. ಅಜ್ಜಿ ಹೋಗಿಬಿಟ್ಟಳು.

ಮೊನ್ನೆ ಕೊಳ್ಳೇಗಾಲದಲ್ಲಿ ಒಂದು ಗೃಹಪ್ರವೇಶ. ಮುದ್ದೆ, ಹಿತುಕಿದ ಬೇಳೆ ಸಾರು. ಪಂಕ್ತಿಯೆಲ್ಲ ಎದ್ದು ಕೈ ತೊಳೆದಿತ್ತು, ನನ್ನ ಎಲೆಯಲ್ಲಿ ಇನ್ನೂ ಅರ್ಧ ಮುದ್ದೆ. ಬಡಿಸುವ ಹುಡುಗ ಬಂದು, "ಬಿರ್ರನೆ ಏಳಕ್ಕಾ, ಜನ ಕಾಯ್ತಾ ಅವ್ರೆ," ಅಂದ. ಬಾಯಲ್ಲಿದ್ದುದನ್ನು ನುಂಗಿಬಿಡಲೇ ಎಂದುಕೊಂಡೆ, ಭಯವಾಯಿತು. ಪಕ್ಕದ ಖಾಲಿ ಜಾಗವನ್ನು ಒಮ್ಮೆ ನೋಡಿ, ಅಗಿಯುತ್ತಲೇ ಎಲೆ ಮಡಚಿ ಎದ್ದೆ.